ಆಪರೇಷನ್ ಆಯಿತು, ಆಮೇಲಿನ ಲೆಕ್ಕ ಯಾರದು?

ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಗಳ ಪೈಕಿ ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದೂ ಅತ್ಯಂತ ಉಗ್ರವಾದದ್ದೂ ಗ್ಲಿಯೊಬ್ಲಾಸ್ಟೊಮಾ. ವರದಿಯಲ್ಲಿ ‘ಗ್ರೇಡ್ 4’ ಎಂದು ಬರೆದಿರುತ್ತಾರೆ. ಈ ಕಾಯಿಲೆ ಹೊಕ್ಕ ಮನೆಗಳಲ್ಲಿ ಆಪರೇಷನ್ ಮುಗಿದ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಡಾಕ್ಟರು ಗಡ್ಡೆ ಪೂರ್ತಿ ತೆಗೆದರಂತೆ, ಇನ್ನು ಭಯವಿಲ್ಲವಂತೆ. ಆ ಮಾತು ನಂಬಿ ಊರಿಗೆ ಮರಳಿದವರಲ್ಲಿ ಎಷ್ಟು ಜನ ಆರು ವಾರದೊಳಗೆ ‘ಕರೆಂಟು ಕೊಡಿಸಲು’, ಅಂದರೆ ವಿಕಿರಣ ಚಿಕಿತ್ಸೆಗೆ, ಹಿಂದಿರುಗಿದರು? ಎಷ್ಟು ಜನ ಬರಲೇ ಇಲ್ಲ? ಬಾರದವರು ಎಷ್ಟು ತಿಂಗಳು ಬದುಕಿದರು? ಈ ಪ್ರಶ್ನೆಗಳಿಗೆ ಕರ್ನಾಟಕ ಸರ್ಕಾರ ಜಿಲ್ಲಾವಾರು ಉತ್ತರ ಕೊಡುವ ವಾರ್ಷಿಕ ವರದಿಯೊಂದನ್ನು ಜನರ ಮುಂದಿಡುವ ಪರಿಪಾಠವೇ ಇಲ್ಲ. ಶಸ್ತ್ರಚಿಕಿತ್ಸೆಗೆ ಹಣ ಮಂಜೂರಾದ ದಾಖಲೆ ಸಿಗುತ್ತದೆ. ಹಣ ಸಂದ ಮೇಲೆ ಮನುಷ್ಯ ಏನಾದ ಎಂಬುದು ಸಿಗುವುದಿಲ್ಲ.

ಇದು ಬರೀ ಕಡತದ ಲೋಪ ಎಂದು ತಳ್ಳಿಹಾಕುವಂತಿಲ್ಲ. ಈ ರೋಗದಲ್ಲಿ ಮನುಷ್ಯನಿಗೆ ಎಷ್ಟು ಕಾಲ ಸಿಗುತ್ತದೆ ಎಂಬುದು ಆಪರೇಷನ್ ಕೋಣೆಯಲ್ಲಿ ಅರ್ಧ ಮಾತ್ರ ತೀರ್ಮಾನವಾಗುತ್ತದೆ. ಉಳಿದರ್ಧ ತೀರ್ಮಾನವಾಗುವುದು ಅಲ್ಲಿಂದ ಹೊರಬಂದ ನಂತರದ ಎರಡು ತಿಂಗಳಲ್ಲಿ. ಆ ಎರಡು ತಿಂಗಳನ್ನು ನಮ್ಮ ಸಾರ್ವಜನಿಕ ವ್ಯವಸ್ಥೆ ಕೈಬಿಟ್ಟು ಕುಳಿತಿದೆ.

ಗ್ಲಿಯೊಬ್ಲಾಸ್ಟೊಮಾ ಹೊಲಕ್ಕೆ ಹೊಕ್ಕ ಗರಿಕೆಯಂತೆ. ಕಣ್ಣಿಗೆ ಕಂಡದ್ದನ್ನೆಲ್ಲ ಕಿತ್ತರೂ ಬೇರಿನ ಎಳೆಗಳು ಆರೋಗ್ಯವಂತ ಭಾಗದೊಳಗೆ ಆಗಲೇ ಹರಡಿರುತ್ತವೆ. ಇದು ಇವತ್ತಿನ ಅರಿವಲ್ಲ. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯ ಇದೇ ಕುಲದ ಗಡ್ಡೆಯೊಂದನ್ನು ತೆಗೆದರು. ಆಗ ಸ್ಕ್ಯಾನಿಂಗ್ ಎಲ್ಲಿಂದ ಬರಬೇಕು? ರೋಗಿಯ ಕೈಯ ಸೆಳೆತ, ನಿಶ್ಶಕ್ತಿ ನೋಡಿಯೇ ಗಡ್ಡೆ ಇಂಥ ಜಾಗದಲ್ಲಿದೆ ಎಂದು ಹ್ಯೂಸ್ ಬೆನೆಟ್ ಎಂಬ ವೈದ್ಯರು ಗುರುತಿಸಿದ್ದರು. ಗಡ್ಡೆ ಹೇಳಿದ ಜಾಗದಲ್ಲೇ ಸಿಕ್ಕಿತು. ರೋಗಿ ಮಾತ್ರ ಸುಮಾರು ನಾಲ್ಕು ವಾರಗಳಲ್ಲಿ ಸೋಂಕಿನಿಂದ ತೀರಿಕೊಂಡ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇನ್ನೂ ಮುಂದೆ ಹೋಗಿ ಕೆಲವು ರೋಗಿಗಳ ಬಲ ಅರೆಮಿದುಳನ್ನೇ ತೆಗೆದ ವರದಿ ಪ್ರಕಟಿಸಿದರು. ಅಷ್ಟು ತೆಗೆದರೂ ಈ ರೋಗ ಸೋಲಲಿಲ್ಲ. ಕತ್ತರಿಯೊಂದರಿಂದಲೇ ಇದು ವಾಸಿಯಾಗದು ಎಂದು ವೈದ್ಯಲೋಕ ಸುಮಾರು ನೂರು ವರ್ಷದ ಹಿಂದೆಯೇ ಕಲಿತ ಪಾಠ ಅದು.

ಹಾಗೆಂದು ಕತ್ತರಿ ಮುಖ್ಯವಲ್ಲ ಎಂದಲ್ಲ. ಎಷ್ಟು ತೆಗೆದರು ಎಂಬುದು ಬಹಳ ಮುಖ್ಯ. ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕೇಂದ್ರದ 416 ರೋಗಿಗಳನ್ನು ಕುರಿತ 2001ರ ಅಧ್ಯಯನದಲ್ಲಿ, ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯ ಶೇ 98ರಷ್ಟನ್ನಾದರೂ ತೆಗೆಸಿಕೊಂಡವರ ಮಧ್ಯಮ ಬದುಕುಳಿವು (ಅರ್ಧದಷ್ಟು ಜನ ದಾಟಿದ ಅವಧಿ) 13 ತಿಂಗಳಿತ್ತು. ಅದಕ್ಕಿಂತ ಕಡಿಮೆ ತೆಗೆಸಿಕೊಂಡವರದು 8.8 ತಿಂಗಳು. ಶೇ 78ರಷ್ಟು ತೆಗೆದಲ್ಲಿಂದಲೇ ಪ್ರಯೋಜನ ಕಾಣತೊಡಗುತ್ತದೆ ಎಂದು ಹತ್ತು ವರ್ಷದ ನಂತರ ಬಂದ ಇನ್ನೊಂದು ಅಧ್ಯಯನ ತೋರಿಸಿತು. ಪೂರ್ತಿ ಆಗದಿದ್ದರೆ ಬಿಟ್ಟುಬಿಡಿ ಎಂದು ಇದರರ್ಥವಲ್ಲ. ಅಪಾಯವಿಲ್ಲದೆ ಸಾಧ್ಯವಾದಷ್ಟೂ ತೆಗೆಯಿರಿ, ತೆಗೆದ ಪ್ರತಿ ಅಂಶಕ್ಕೂ ಬೆಲೆಯಿದೆ ಎಂದರ್ಥ.

ಈ ‘ಸಾಧ್ಯವಾದಷ್ಟು’ ಎಂಬುದು ಥಿಯೇಟರಿನಲ್ಲಿ ಹೇಗಿರುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಗಡ್ಡೆಯ ನಡುಭಾಗ ಬಣ್ಣದಲ್ಲಿ, ಮೆದುವಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. ಅಂಚಿಗೆ ಬಂದಾಗ ಸೂಕ್ಷ್ಮದರ್ಶಕದ ಕೆಳಗೂ ಮಿದುಳು ಯಾವುದು, ಗಡ್ಡೆ ಯಾವುದು ಎಂದು ಹೇಳಲಾಗದಷ್ಟು ಒಂದಕ್ಕೊಂದು ಬೆರೆತಿರುತ್ತದೆ. ಆಪರೇಷನ್ನಿಗೆ ಕೆಲವು ಗಂಟೆ ಮೊದಲು ರೋಗಿಗೆ ಕುಡಿಸುವ ದ್ರಾವಣವೊಂದಿದೆ, 5-ಎಎಲ್‌ಎ. ನೀಲಿ ಬೆಳಕು ಹಾಯಿಸಿದರೆ ಗಡ್ಡೆಯ ಜೀವಕೋಶಗಳು ಕೆಂಗುಲಾಬಿಯಾಗಿ ಹೊಳೆಯುತ್ತವೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಬೆಳಕಿನ ನೆರವಿದ್ದಾಗ ಶೇ 65ರಷ್ಟು ರೋಗಿಗಳಲ್ಲಿ ಸ್ಕ್ಯಾನಿಗೆ ಕಾಣುವ ಗಡ್ಡೆ ಪೂರ್ತಿ ಹೋಯಿತು. ಮಾಮೂಲಿ ಬೆಳಕಿನಲ್ಲಿ ಅದು ಶೇ 36. ನಮ್ಮಲ್ಲಿ ಆ ದ್ರಾವಣ ದುಬಾರಿ. ಆದ್ದರಿಂದ ಅಗ್ಗದ ಫ್ಲೋರೆಸೀನ್ ಬಣ್ಣವನ್ನು, ಆಪರೇಷನ್ ನಡುವೆಯೇ ಅಲ್ಟ್ರಾಸೌಂಡನ್ನು ಬಳಸಿ ದಾರಿ ಹುಡುಕಿಕೊಂಡ ಭಾರತೀಯ ವೈದ್ಯರಿದ್ದಾರೆ. ಅವರ ಕೈಗುಣದ ಬಗ್ಗೆ ನಮಗೆ ಯಾವ ಅನುಮಾನವೂ ಇಲ್ಲ.

ಗಡ್ಡೆ ಮಾತಿನ ಕೇಂದ್ರದ ಪಕ್ಕದಲ್ಲಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುತ್ತಾರೆ. ಒಬ್ಬರು ಚಿತ್ರಗಳನ್ನು ತೋರಿಸುತ್ತಾ ಹೋಗುತ್ತಾರೆ: ಕೊಡ, ಬೀಗ, ಎತ್ತು. ಅದೇ ಹೊತ್ತಿಗೆ ಶಸ್ತ್ರವೈದ್ಯರು ಮಿದುಳಿನ ಒಂದೊಂದು ಬಿಂದುವಿಗೆ ಅತಿ ಸಣ್ಣ ವಿದ್ಯುತ್ ಸೋಕಿಸುತ್ತಾರೆ. ‘ಬೀಗ’ ಎನ್ನಬೇಕಾದವರು ನಾಲಗೆ ಸಿಕ್ಕಿಕೊಂಡು ತಡವರಿಸಿದರೆ ಆ ಬಿಂದುವಿನ ಮೇಲೆ ಗುರುತಿನ ಚೂರೊಂದು ಬೀಳುತ್ತದೆ. ಅಲ್ಲಿಗೆ ಕತ್ತರಿ ಹೋಗುವಂತಿಲ್ಲ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಆಡುವವರಿಗೆ ಈ ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಮಾಡಬೇಕಾಗುತ್ತದೆ. ಇದಕ್ಕೆ ಉಪಕರಣಕ್ಕಿಂತ ಮೊದಲು ಬೇಕಾದದ್ದು ಸಮಯ, ಜೊತೆಗೆ ವರ್ಷಕ್ಕೆ ಬೆರಳೆಣಿಕೆಯಷ್ಟಲ್ಲ, ಹತ್ತಾರು ಇಂಥ ಗಡ್ಡೆಗಳನ್ನು ಕಂಡ ತಂಡ.

ಆ ಸಮಯವೇ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಳಿದಿಲ್ಲ. ಕಾರಣ ರಸ್ತೆಯಲ್ಲಿದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ 1.68 ಲಕ್ಷ ಜನ ಬಲಿಯಾದರು. ಸತ್ತವರ ಜೊತೆಗೆ ತಲೆಗೆ ಪೆಟ್ಟು ಬಿದ್ದು ಬದುಕುಳಿದವರು ಅದೆಷ್ಟೋ. ಹೆಲ್ಮೆಟ್ಟಿಲ್ಲದೆ ಬೈಕಿನಿಂದ ಬಿದ್ದ ಹುಡುಗ ನಡುರಾತ್ರಿ ಬಂದರೆ ಅವನನ್ನು ಮೊದಲು ಥಿಯೇಟರಿಗೆ ಒಯ್ಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯೂರೋಸರ್ಜನ್ ಅವರೇ, ಅರಿವಳಿಕೆ ತಜ್ಞರು ಅವರೇ, ಐಸಿಯು ಹಾಸಿಗೆಯೂ ಅದೇ. ಮರುದಿನ ಬೆಳಗ್ಗೆ ಪಟ್ಟಿಯಲ್ಲಿದ್ದ ಗಡ್ಡೆಯ ರೋಗಿ ಹಿಂದಕ್ಕೆ ಸರಿಯುತ್ತಾನೆ. ಅದಾದ ಮೇಲೂ ಸರಿಯಬಹುದು. ಇತ್ತ ಗಡ್ಡೆ ಕಾಯುವುದಿಲ್ಲ, ವಾರಗಳ ಲೆಕ್ಕದಲ್ಲಿ ಇಮ್ಮಡಿಯಾಗಬಲ್ಲ ರೋಗ ಇದು. ಅಪಘಾತದ ಸರದಿಯನ್ನೂ ಗಡ್ಡೆಯ ಸರದಿಯನ್ನೂ ಒಂದೇ ಬಾಗಿಲಲ್ಲಿ ನಿಲ್ಲಿಸಿದ್ದು ವೈದ್ಯರ ತಪ್ಪಲ್ಲ, ಹುದ್ದೆಗಳನ್ನೂ ಥಿಯೇಟರುಗಳನ್ನೂ ಹೆಚ್ಚಿಸದ ಆಡಳಿತದ ತಪ್ಪು.

ಒಂದು ಕಾಲದಲ್ಲಿ ಈ ರಾಜ್ಯ ಹೀಗಿರಲಿಲ್ಲ ಎಂಬುದೇ ನೋವಿನ ಸಂಗತಿ. ನರಶಸ್ತ್ರಚಿಕಿತ್ಸೆ ಎಂಬುದು ಭಾರತಕ್ಕೆ ಬಂದದ್ದೇ 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ ವಿಭಾಗ ತೆರೆದಾಗ, ಮರುವರ್ಷ ಮದರಾಸಿನಲ್ಲಿ ಬಿ. ರಾಮಮೂರ್ತಿ ಕೆಲಸ ಆರಂಭಿಸಿದಾಗ. ಬೆಂಗಳೂರು ಬಹಳ ಹಿಂದೆ ಬೀಳಲಿಲ್ಲ. 1954ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಡಾ. ಆರ್.ಎಂ. ವರ್ಮಾ ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಅದಕ್ಕೆ ಒಂದು ವರ್ಷ ಮೊದಲು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಹುಟ್ಟಿತ್ತು. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭವಾದಾಗ ಮೊದಲು ಆಯ್ಕೆಯಾದ ನಗರಗಳಲ್ಲಿ ಮುಂಬೈ, ಚೆನ್ನೈ ಜೊತೆ ಬೆಂಗಳೂರೂ ಇತ್ತು. ಹಿಂದಿನ ಪೀಳಿಗೆ ಕಷ್ಟಪಟ್ಟು ಕಟ್ಟಿದ್ದನ್ನು ನಾವು ಕೂತು ತಿನ್ನುತ್ತಿದ್ದೇವೆ. ಅಂದಿನಿಂದ ಜನಸಂಖ್ಯೆ ಬೆಳೆಯಿತು, ಸ್ಕ್ಯಾನಿಂಗ್ ಸೆಂಟರುಗಳು ತಾಲ್ಲೂಕಿಗೆ ಬಂದವು, ಪತ್ತೆಯಾಗುವ ಗಡ್ಡೆಗಳು ಹೆಚ್ಚಿದವು. ಅದನ್ನು ಹೊರುವ ಸಾರ್ವಜನಿಕ ಹೆಗಲು ಮಾತ್ರ ಇಂದಿಗೂ ಹೆಚ್ಚಾಗಿ ಈ ಎರಡು ಸಂಸ್ಥೆಗಳಿರುವ ಹೊಸೂರು ರಸ್ತೆಯ ಅಕ್ಕಪಕ್ಕದ್ದೇ. ನೆರೆರಾಜ್ಯಗಳಿಂದ, ದೂರದ ಬಂಗಾಳದಿಂದ ಬರುವವರೂ ಅಲ್ಲೇ ಸಾಲು ನಿಲ್ಲುತ್ತಾರೆ.

ಆಪರೇಷನ್ ಮುಗಿದ ಮೇಲಿನ ಕತೆ ಇನ್ನೂ ಕಠಿಣ. ಗಡ್ಡೆ ನಿಜವಾಗಿ ಎಷ್ಟು ಹೋಗಿದೆ ಎಂದು ತಿಳಿಯಬೇಕಾದರೆ 48ರಿಂದ 72 ಗಂಟೆಗಳೊಳಗೆ ಮತ್ತೊಂದು ಎಂಆರ್‌ಐ ಆಗಬೇಕು. ತಡವಾದರೆ ಆಪರೇಷನ್ನಿನ ಗಾಯವೂ ಉಳಿದ ಗಡ್ಡೆಯೂ ಸ್ಕ್ಯಾನಿನಲ್ಲಿ ಒಂದೇ ಥರ ಕಾಣತೊಡಗುತ್ತವೆ. ಇದು ಜಗತ್ತು ಒಪ್ಪಿರುವ ಕ್ರಮ. ಎಂಆರ್‌ಐ ಯಂತ್ರ ಬಿಡುವಿಲ್ಲದೆ ಓಡುತ್ತಿರುವ ಆಸ್ಪತ್ರೆಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ‘ಪೂರ್ತಿ ತೆಗೆದಿದ್ದೇವೆ’ ಎಂಬುದು ಆಗ ಶಸ್ತ್ರವೈದ್ಯರ ಕಣ್ಣಂದಾಜಾಗಿ ಉಳಿಯುತ್ತದೆ. ಕಣ್ಣಂದಾಜು ತಪ್ಪಬಹುದು, ಅದು ಯಾರ ಅವಮಾನವೂ ಅಲ್ಲ. ಅದನ್ನೇ ಸತ್ಯವೆಂದು ಕುಟುಂಬಕ್ಕೆ ಹೇಳಿ ಕಳಿಸುವುದು ಸರಿಯಲ್ಲ.

ಆಮೇಲೆ ವಿಕಿರಣ. 2005ರಲ್ಲಿ ರೋಜರ್ ಸ್ಟುಪ್ ಮತ್ತು ಸಂಗಡಿಗರು 573 ರೋಗಿಗಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆಪರೇಷನ್ ಆದಮೇಲೆ ವಿಕಿರಣ ಮಾತ್ರ ಪಡೆದವರಿಗೆ ಮಧ್ಯಮ ಬದುಕುಳಿವು 12.1 ತಿಂಗಳು. ಅದರ ಜೊತೆ ಟೆಮೊಜೊಲೊಮೈಡ್ ಮಾತ್ರೆಯನ್ನೂ ತೆಗೆದುಕೊಂಡವರಿಗೆ 14.6. ತಿಂಗಳ ಲೆಕ್ಕದಲ್ಲಿ ಇದು ಅಲ್ಪ ಎನಿಸಬಹುದು. ಎರಡು ವರ್ಷ ದಾಟಿದವರ ಸಂಖ್ಯೆ ನೋಡಿ: ಶೇ 10.4 ಇದ್ದದ್ದು ಶೇ 26.5ಕ್ಕೆ ಏರಿತು. ಹತ್ತರಲ್ಲಿ ಒಬ್ಬರು ಉಳಿಯುವ ಕಡೆ ನಾಲ್ವರಲ್ಲಿ ಒಬ್ಬರು ಉಳಿದರು. ಗಡ್ಡೆಯ ಜೀವಕೋಶದಲ್ಲಿ ಎಂಜಿಎಂಟಿ ಎಂಬ ಜೀನಿನ ಸ್ಥಿತಿ ಅನುಕೂಲಕರವಾಗಿದ್ದವರಲ್ಲಿ ಲಾಭ ಇನ್ನೂ ಹೆಚ್ಚಿತ್ತು. ಇಂದಿಗೂ ಜಗತ್ತಿನ ಮೂಲ ಚಿಕಿತ್ಸಾಕ್ರಮ ಇದೇ. ಮಾತ್ರೆಯೇನೂ ಕೈಗೆಟುಕದ್ದಲ್ಲ. ಭಾರತದ ಕಂಪನಿಗಳೇ ಅದನ್ನು ತಯಾರಿಸುತ್ತವೆ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಅದಿದೆ.

ಆದರೆ ಈ ಅಂಕಿಗಳು ಸಿಕ್ಕಿದ್ದು ವೇಳಾಪಟ್ಟಿಯಂತೆ ಚಿಕಿತ್ಸೆ ಕೊಟ್ಟ, 70 ದಾಟದ, ಓಡಾಡಿಕೊಂಡಿದ್ದ ರೋಗಿಗಳಲ್ಲಿ. ಗಾಯ ಮಾಯಲು ಬಿಟ್ಟು ನಾಲ್ಕರಿಂದ ಆರು ವಾರಗಳಲ್ಲಿ ವಿಕಿರಣ ಶುರುವಾಗಬೇಕು, 30 ಸಿಟ್ಟಿಂಗ್, ವಾರಕ್ಕೆ ಐದು ದಿನ. ನಮ್ಮ ರೋಗಿಯ ಕಡೆಯಿಂದ ಇದನ್ನು ನೋಡಿ. ಮುಖದ ಅಚ್ಚು ತೆಗೆದ ಬಲೆಬಲೆ ಪ್ಲಾಸ್ಟಿಕ್ ಮಾಸ್ಕನ್ನು ಮುಖದ ಮೇಲಿಟ್ಟು, ತಲೆ ಅಲುಗದಂತೆ ಮೇಜಿಗೆ ಬಿಗಿದು, ಯಂತ್ರ ಸುತ್ತಿಸಿ ಕಳಿಸುತ್ತಾರೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ಬೀದರಿನ ಕುಟುಂಬ 700 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಒಂದೂವರೆ ತಿಂಗಳು ಉಳಿಯಬೇಕು. ಶಕ್ತಿ ಯೋಜನೆಯಲ್ಲಿ ಹೆಂಡತಿಯ ಬಸ್ಸು ಉಚಿತ, ಗಂಡನಿಗೆ ಟಿಕೆಟ್ಟಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಬಾಡಿಗೆ ಕೋಣೆ, ಊಟ, ಆಟೊ, ಇಬ್ಬರ ಕೂಲಿ ಹೋದದ್ದು, ಊರಲ್ಲಿ ಬಿಟ್ಟುಬಂದ ಮಕ್ಕಳು, ದನ ಯಾವ ಪ್ಯಾಕೇಜಿನಲ್ಲೂ ಇಲ್ಲ. ಹತ್ತು ಸಿಟ್ಟಿಂಗ್ ಆದಮೇಲೆ ರೋಗಿ ಕೊಂಚ ಚೇತರಿಸಿಕೊಂಡಂತೆ ಕಂಡರೆ ‘ಊರಿಗೆ ಹೋಗಿ ಬರ್ತೀವಿ ಸಾರ್’ ಎಂದು ಹೊರಡುತ್ತಾರೆ. ಬರುವುದಿಲ್ಲ. ಆ ಚೇತರಿಕೆ ಅರ್ಧ ಸ್ಟೀರಾಯ್ಡ್ ಮಾತ್ರೆಯದು. ಮಿದುಳಿನ ಬಾವು ಇಳಿದರೆ ತಲೆನೋವು ಹೋಗುತ್ತದೆ, ಹಸಿವು ಬರುತ್ತದೆ, ಮನುಷ್ಯ ಎದ್ದು ಕೂರುತ್ತಾನೆ. ಅದನ್ನು ವಾಸಿ ಎಂದು ತಿಳಿದು ಮನೆಯವರು ಮಲೆನಾಡಿನ ಯಾವುದೋ ಊರಲ್ಲಿ ನಾಟಿ ಔಷಧಿಗೆ ಬೆಳಗಿನ ಜಾವದ ಸಾಲಿಗೆ ನಿಲ್ಲುತ್ತಾರೆ. ಅವರನ್ನು ಮೂಢರೆಂದು ಬಯ್ಯುವ ಅಧಿಕಾರ ನಮಗಿಲ್ಲ. ಮುಂದೇನು ಎಂದು ಕನ್ನಡದಲ್ಲಿ, ಕೂರಿಸಿಕೊಂಡು, ಹತ್ತು ನಿಮಿಷ ಹೇಳಿದವರು ಯಾರೂ ಇರಲಿಲ್ಲ. ಕೈಗೆ ಸಿಕ್ಕಿದ್ದು ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ.

ದೂರ ಹೋಗಲಾರದ ವೃದ್ಧರಿಗೆ ಬೇರೆ ದಾರಿಯಿದೆ. 65 ದಾಟಿದವರಿಗೆ 15 ಸಿಟ್ಟಿಂಗಿನ, ಮೂರೇ ವಾರದ ವಿಕಿರಣದೊಂದಿಗೆ ಮಾತ್ರೆ ಕೊಟ್ಟರೂ ಆಯಸ್ಸು ಹೆಚ್ಚುತ್ತದೆ ಎಂದು 2017ರ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿದೆ. ಇದನ್ನು ರೋಗಿಗೆ ತಿಳಿಸಿ ಆಯ್ಕೆ ಕೊಡುವ ವ್ಯವಸ್ಥೆ ಎಲ್ಲೆಡೆ ಬರಬೇಕು. ವಿಕಿರಣ ಯಂತ್ರಗಳೂ ಸಾಲವು. ಹತ್ತು ಲಕ್ಷ ಜನಕ್ಕೆ ಒಂದು ಯಂತ್ರವಾದರೂ ಇರಬೇಕೆಂಬುದು ಒಪ್ಪಿತ ಮಾನದಂಡ. ದೇಶದಲ್ಲಿ ಇರುವುದು ಸುಮಾರು ಅದರ ಅರ್ಧದಷ್ಟು, ಅವೂ ದೊಡ್ಡ ನಗರಗಳಲ್ಲಿ ಗುಂಪುಗೂಡಿವೆ. ಬೀದರ್, ಕಲಬುರಗಿಯ ಹಲವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ, ಬೆಳಗಾವಿ ಕಡೆಯವರು ಮೀರಜ್, ಪುಣೆಗೆ ಹೋಗುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ತಿದ್ದುಪಡಿ ಬಂದು ಹತ್ತು ವರ್ಷ ಮೀರಿದೆ. ಕರ್ನಾಟಕದ ಪ್ರಜೆಗಳು ಆಪರೇಷನ್ ಒಂದು ರಾಜ್ಯದಲ್ಲಿ, ವಿಕಿರಣ ಇನ್ನೊಂದರಲ್ಲಿ, ಮಾತ್ರೆ ಮೂರನೆಯ ಊರಲ್ಲಿ ತೆಗೆದುಕೊಳ್ಳುವಾಗ ಅವರ ಕಡತವನ್ನು ಒಟ್ಟಿಗೆ ಇಡುವವರು ಯಾರು?

ಇನ್ನು ರೋಗ ಆರಂಭದಲ್ಲೇ ಪತ್ತೆಯಾಗುವ ಮಾತು. ಐವತ್ತರ ಆಸುಪಾಸಿನ ವ್ಯಕ್ತಿಗೆ ಬದುಕಿನಲ್ಲಿ ಮೊದಲ ಬಾರಿ ಫಿಟ್ಸ್ ಬಂದರೆ ತಲೆಯ ಸ್ಕ್ಯಾನ್ ಆಗಲೇಬೇಕು. ನಮ್ಮಲ್ಲಿ ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ಹತ್ತಿರದ ಕ್ಲಿನಿಕ್ಕಿನಲ್ಲಿ ಮಾತ್ರೆ ಬರೆಸಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ ಬಂದರೆ ‘ಗ್ಯಾಸ್ಟ್ರಿಕ್’. ಸೌಮ್ಯ ಮನುಷ್ಯ ಇದ್ದಕ್ಕಿದ್ದಂತೆ ರೇಗತೊಡಗಿದರೆ, ಲೆಕ್ಕ ತಪ್ಪತೊಡಗಿದರೆ ಮಾಟ, ಇಲ್ಲವೇ ‘ಟೆನ್ಷನ್’. ಆಶಾ ಕಾರ್ಯಕರ್ತೆಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ಮೂರು ಲಕ್ಷಣ ಕಲಿಸಲು ಎಷ್ಟು ಹಣ ಬೇಕು?

ಹಣವಿದ್ದರೂ ಸಾಲದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. ಮಾಜಿ ಸಚಿವೆ ಟೆಸ್ಸಾ ಜೋವೆಲ್‌ಗೆ 2017ರ ಮೇ ತಿಂಗಳಲ್ಲಿ ಇದೇ ರೋಗ ಪತ್ತೆಯಾಯಿತು. 2018ರ ಜನವರಿಯಲ್ಲಿ ಅವರು ಸಂಸತ್ತಿನ ಮೇಲ್ಮನೆಯಲ್ಲಿ ನಿಂತು, ತಮ್ಮ ರೋಗದ ಬಗ್ಗೆಯೇ ಮಾತನಾಡಿ, ಎಲ್ಲ ರೋಗಿಗಳಿಗೂ ಉತ್ತಮ ಚಿಕಿತ್ಸೆ ಸಿಗಬೇಕೆಂದು ಕೇಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು. ಸರ್ಕಾರ ಸಂಶೋಧನೆಗೆ 4 ಕೋಟಿ ಪೌಂಡ್ ಘೋಷಿಸಿತು. ಐದು ವರ್ಷ ಕಳೆದರೂ ಅದರ ಅರ್ಧವೂ ಸಂಶೋಧಕರ ಕೈ ಸೇರಿಲ್ಲ ಎಂದು ಅಲ್ಲಿನ ಸಂಸದರ ಗುಂಪೇ ಆಕ್ಷೇಪಿಸಿತು. ಅಲ್ಲಿ ಕೊನೆಗೆ ಆ ಲೆಕ್ಕ ಕೇಳಿದವರಿದ್ದರು, ಕೇಳಿದಾಗ ಅಂಕಿ ಹೊರಬಂತು. ನಮ್ಮಲ್ಲಿ ಬಜೆಟ್ಟಿನ ದಿನ ‘ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ’ ಎಂಬ ಘೋಷಣೆಗೆ ಮೇಜು ಕುಟ್ಟುತ್ತಾರೆ. ಶಂಕುಸ್ಥಾಪನೆಯ ಕಲ್ಲು ನೆಟ್ಟ ಮೇಲೆ ಅಲ್ಲಿ ನರಶಸ್ತ್ರಚಿಕಿತ್ಸಕರು ಎಷ್ಟು, ನರ ರೋಗಶಾಸ್ತ್ರಜ್ಞರು ಇದ್ದಾರೆಯೇ ಎಂದು ಕೇಳುವ ಶಾಸಕರು ವಿರಳ.

ವಾಸಿಯಾಗದ ರೋಗಕ್ಕೆ ಇಷ್ಟು ಖರ್ಚು ಏಕೆ ಎಂಬ ವಾದ ಅಧಿಕಾರಿಗಳ ಕೋಣೆಗಳಲ್ಲಿ ಮೆಲ್ಲಗೆ ಕೇಳುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಪಶ್ಚಿಮದ ದೇಶಗಳಲ್ಲಿ ಈ ರೋಗ ಹೆಚ್ಚಾಗಿ ಅರವತ್ತು ದಾಟಿದವರದು. ನಮ್ಮ ಆಸ್ಪತ್ರೆಗಳಿಗೆ ಬರುವವರಲ್ಲಿ ಮನೆಯ ಸಾಲ, ಮಕ್ಕಳ ಓದು ಹೊತ್ತ ಐವತ್ತರ ಆಸುಪಾಸಿನವರು ಬಹಳ. ಅವರಿಗೆ ಎಚ್ಚರದಲ್ಲಿ, ಮಾತಾಡುತ್ತಾ, ತಮ್ಮ ಕಾಲ ಮೇಲೆ ನಿಂತು ಸಿಗುವ ಒಂದು ವರ್ಷದಲ್ಲಿ ಜಮೀನಿನ ಪಾಲು ಇತ್ಯರ್ಥವಾಗುತ್ತದೆ, ಮಗಳ ಡಿಗ್ರಿ ಮುಗಿಯುತ್ತದೆ. ಚಿಕಿತ್ಸೆ ಕೈಕೊಟ್ಟಾಗಲೂ ನೋವು ನಿವಾರಿಸಿ, ಫಿಟ್ಸ್ ತಡೆದು, ಮನೆಯಲ್ಲೇ ನೆಮ್ಮದಿಯಾಗಿ ಇರಲು ನೆರವಾಗುವ ಉಪಶಾಮಕ ಆರೈಕೆ ಸರ್ಕಾರದ ಕರ್ತವ್ಯ. ಬಡವನಿಗೆ ಎಂಟು ತಿಂಗಳು, ಉಳ್ಳವನಿಗೆ ಇಪ್ಪತ್ತು ತಿಂಗಳು ಎಂದು ಜೇಬು ನೋಡಿ ಹಂಚುವುದನ್ನು ಯಾವ ಸರ್ಕಾರವೂ ಸಮರ್ಥಿಸಿಕೊಳ್ಳಲಾರದು.

ಇದನ್ನೆಲ್ಲ ಸರಿಪಡಿಸಲು ಹೊಸ ಕಟ್ಟಡ ಕಾಯಬೇಕಿಲ್ಲ. ಹುಬ್ಬಳ್ಳಿ, ಮೈಸೂರು, ಕಲಬುರಗಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ಥಿಯೇಟರ್ ದಿನವನ್ನು ಗಡ್ಡೆಗಳಿಗೆಂದೇ ಕಾಯ್ದಿರಿಸಿ, ಅಪಘಾತಕ್ಕೆ ಬೇರೆ ತಂಡ ಕೊಡಬಹುದು. ಆಪರೇಷನ್ ದಿನಾಂಕದ ಜೊತೆಯಲ್ಲೇ ಮರು ಎಂಆರ್‌ಐಯ ವೇಳೆಯನ್ನೂ ವಿಕಿರಣದ ಮೊದಲ ದಿನವನ್ನೂ ಗೊತ್ತುಮಾಡಿ, ರೋಗಿ ಮನೆಗೆ ಹೊರಡುವಾಗ ಕನ್ನಡದಲ್ಲಿ ಬರೆದ ಹಾಳೆ ಕೊಡಬಹುದು. ಒಂದೊಂದು ಘಟನೆಗೆ ಹಣ ಕೊಡುವ ಪ್ಯಾಕೇಜನ್ನು ಬದಲಿಸಿ, ವಿಕಿರಣ ಪೂರ್ತಿಯಾದರೆ ಆಸ್ಪತ್ರೆಗೆ ಕೊನೆಯ ಕಂತು ಎಂದು ನಿಯಮ ಮಾಡಬಹುದು. ಆರು ವಾರ ಉಳಿಯುವ ಕುಟುಂಬಕ್ಕೆ ತಂಗುವ ಜಾಗ, ದಿನಭತ್ಯೆ ಕೊಡಬಹುದು. ಬಾರದವರ ಮನೆಗೆ ಒಂದು ಫೋನ್ ಹೋಗಬೇಕು, ಅಷ್ಟೇ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದಾಗ ಕಲ್ಯಾಣ ಕರ್ನಾಟಕದ ಶಾಸಕರೊಬ್ಬರು, ಯಾವ ಪಕ್ಷದವರೇ ಆಗಲಿ, ಈ ಪ್ರಶ್ನೆ ಮಂಡಿಸಲಿ: ಕಳೆದ ಮೂರು ವರ್ಷಗಳಲ್ಲಿ ಸರ್ಕಾರದ ಹಣದಲ್ಲಿ ಗ್ರೇಡ್ 4 ಮಿದುಳು ಗಡ್ಡೆಗೆ ಶಸ್ತ್ರಚಿಕಿತ್ಸೆಯಾದವರು ಎಷ್ಟು? ಸ್ಕ್ಯಾನ್ ಆದ ಎಷ್ಟು ದಿನಕ್ಕೆ ಆಪರೇಷನ್ ಆಯಿತು? 72 ಗಂಟೆಯೊಳಗೆ ಮರು ಎಂಆರ್‌ಐ ಆದವರೆಷ್ಟು, ಆರು ವಾರದೊಳಗೆ ವಿಕಿರಣ ಶುರುವಾದವರೆಷ್ಟು, ಮುಗಿಸಿದವರೆಷ್ಟು, ಒಂದು ವರ್ಷದ ನಂತರ ಬದುಕಿದ್ದವರೆಷ್ಟು? ಲಿಖಿತ ಉತ್ತರದಲ್ಲಿ ಜಿಲ್ಲೆಯ ಹೆಸರಿರಲಿ, ಆಸ್ಪತ್ರೆಯ ಹೆಸರಿರಲಿ, ದಿನಗಳ ಸಂಖ್ಯೆ ಇರಲಿ. ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬ ಒಂದು ಸಾಲನ್ನು ಉತ್ತರವೆಂದು ಸಭಾಧ್ಯಕ್ಷರು ಒಪ್ಪಬಾರದು.